‘ಲೌಕಿಕ’ವನ್ನು ‘ಸೆಕ್ಯುಲರ್’ ಎನ್ನುವ ಮುನ್ನ

ಪಂಪನ ‘ವಿಕ್ರಮಾರ್ಜುನ ವಿಜಯ’ ಸೆಕ್ಯುಲರ್ ಕಾವ್ಯ, ‘ಆದಿಪುರಾಣ’ ಧಾರ್ಮಿಕ ಕಾವ್ಯ. ಕಲೆಗೂ ಮತಕ್ಕೂ ನಡುವೆ ಇಬ್ಭಾಗವಾದ ಕವಿಮನಸ್ಸಿಗೆ ಇವೆರಡೂ ಸಾಕ್ಷಿ. ಈಚೆಗೆ ಪರಿಶೀಲನೆಗೆಂದು ನನ್ನಲ್ಲಿಗೆ ಬಂದ ಮಹಾಪ್ರಬಂಧವೊಂದು ಈ ನಿರ್ಣಯದಿಂದಲೇ ಆರಂಭವಾಗುತ್ತದೆ. ಉಳಿದ ಅಧ್ಯಾಯಗಳೆಲ್ಲ ಇದರ ಮೇಲೆಯೇ ನಿಂತಿವೆ. ತಪ್ಪು ಆ ಸಂಶೋಧಕರೊಬ್ಬರದಲ್ಲ. ಲೌಕಿಕವೆಂದರೆ ಸೆಕ್ಯುಲರ್, ಆಗಮಿಕವೆಂದರೆ ರಿಲಿಜಿಯಸ್ ಎಂದು ಕರಿಹಲಗೆಯ ಮೇಲೆ ಬರೆದು ಕಲಿಸಿದವರು ಅಧ್ಯಾಪಕರಾದ ನಾವು. ಸೇವೆಯ ಮೊದಲ ವರ್ಷಗಳಲ್ಲಿ ನಾನೂ ಹಾಗೆ ಬರೆದವನೇ.

ಈ ಸಮೀಕರಣದಲ್ಲಿ ನಮಗೆ ಎರಡು ಪದಗಳೂ ಸರಿಯಾಗಿ ತಿಳಿದಿಲ್ಲ. ಕನ್ನಡ ಓದಿದವರಿಗೆ ‘ಲೌಕಿಕ’ ತಿಳಿದಿಲ್ಲವೆಂಬುದು ನಾಚಿಕೆಯ ಸಂಗತಿ. ಅದನ್ನು ಆಮೇಲೆ ನೋಡೋಣ. ಮೊದಲು ಇಂಗ್ಲಿಷಿನ ಪದ.

‘ಸೆಕ್ಯುಲರ್’ ಲ್ಯಾಟಿನ್ನಿನ ‘ಸೇಕುಲುಮ್’ನಿಂದ ಬಂದುದು. ಒಂದು ತಲೆಮಾರು, ಒಂದು ಯುಗ ಎಂಬುದು ಅದರ ಮೂಲಾರ್ಥ. ಕ್ರಿ.ಪೂ. 17ರಲ್ಲಿ ಅಗಸ್ಟಸ್ ಚಕ್ರವರ್ತಿ ಯುಗಾಂತರದ ಮಹೋತ್ಸವವನ್ನು ನಡೆಸಿದಾಗ ಹೊರೇಸ್ ಕವಿ ರಚಿಸಿದ ಗೀತೆಯ ಹೆಸರು ‘ಕಾರ್ಮೆನ್ ಸೇಕುಲಾರೆ’. ಅದು ದೇವತೆಗಳನ್ನು ಪ್ರಾರ್ಥಿಸುವ ಸ್ತೋತ್ರ! ಅನಂತರ ಕ್ರೈಸ್ತರ ಲ್ಯಾಟಿನ್ನಿನಲ್ಲಿ ಈ ಪದಕ್ಕೆ ‘ಇಹಲೋಕಕ್ಕೆ ಸೇರಿದ’ ಎಂಬ ಅರ್ಥ ಬಂದಿತು. ಮಠದ ನಿಯಮಕ್ಕೆ ಬದ್ಧರಾಗಿ ಬಾಳುವ ಪಾದ್ರಿಗಳು ‘ರೆಗ್ಯುಲರ್’. ಊರೊಳಗೆ ಜನರ ನಡುವೆ ಇದ್ದು ಪೂಜೆ, ವಿವಾಹ, ಅಂತ್ಯಕ್ರಿಯೆಗಳನ್ನು ನಡೆಸುವವರು ‘ಸೆಕ್ಯುಲರ್’ ಪಾದ್ರಿಗಳು. ಇಂದಿಗೂ ಈ ಬಳಕೆಯಿದೆ. ಸೆಕ್ಯುಲರ್ ಪಾದ್ರಿ ಪಾದ್ರಿಯೇ, ಧರ್ಮದ ಹೊರಗಿನವನಲ್ಲ. ಖಗೋಲಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಮೂಲಾರ್ಥವನ್ನು ಹಿಡಿದು, ದೀರ್ಘಕಾಲದಲ್ಲಿ ನಿಧಾನವಾಗಿ ಆಗುವ ಬದಲಾವಣೆಯನ್ನು ಸೆಕ್ಯುಲರ್ ಎನ್ನುತ್ತಾರೆ. ಇನ್ನು ‘ಸೆಕ್ಯುಲರಿಸಂ’ ಎಂಬುದನ್ನು ಒಂದು ಸಿದ್ಧಾಂತದ ಹೆಸರಾಗಿ ರೂಢಿಗೆ ತಂದವನು ಇಂಗ್ಲೆಂಡಿನ ಜಾರ್ಜ್ ಜೇಕಬ್ ಹೋಲಿಯೋಕ್, 1851ರಲ್ಲಿ. ನಮ್ಮ ಸಂವಿಧಾನದ ಪೀಠಿಕೆಗೆ ‘ಸೆಕ್ಯುಲರ್’ ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ. ಅದಕ್ಕೆ ಹಿಂದಿಯಲ್ಲಿ ‘ಪಂಥನಿರಪೇಕ್ಷ’ ಎಂದರು. ಕನ್ನಡದಲ್ಲಿ ‘ಧರ್ಮನಿರಪೇಕ್ಷ’ದ ಜೊತೆಗೆ ‘ಜಾತ್ಯತೀತ’ವೂ ಬಳಕೆಗೆ ಬಂದಿತು. ಪಂಥ, ಧರ್ಮ, ಜಾತಿ ಇವು ಮೂರು ಬೇರೆ ಬೇರೆ ವಸ್ತುಗಳೆಂದು ಯಾರಿಗೂ ಅನ್ನಿಸಿದಂತಿಲ್ಲ.

ಇಷ್ಟು ಅರ್ಥಗಳಲ್ಲಿ ನಮ್ಮ ವಿದ್ಯಾರ್ಥಿ ಕಲಿತದ್ದು ಕೊನೆಯದೊಂದನ್ನೇ. ಅದನ್ನು ಹಿಡಿದುಕೊಂಡು ನೇರವಾಗಿ ಹತ್ತನೆಯ ಶತಮಾನಕ್ಕೆ ಹೋಗುತ್ತಾನೆ.

ಅಲ್ಲಿ ಇರುವುದಾದರೂ ಏನು? ಭಾರತದಲ್ಲಿ ಲೌಕಿಕವನ್ನೂ ಆದಿಪುರಾಣದಲ್ಲಿ ಜಿನಾಗಮವನ್ನೂ ಬೆಳಗುವುದಾಗಿ ಪಂಪನೇ ಹೇಳಿಕೊಂಡಿದ್ದಾನೆ. ಈ ಜೋಡಿಯನ್ನು ಅರಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯ ಮನೆತನದ ಆಳ್ವಿಕೆಯಲ್ಲಿಯೇ, ಕ್ರಿ.ಶ. 941ರ ಆದಿಪುರಾಣವಾದ 18 ವರ್ಷಗಳಿಗೆ, ಸೋಮದೇವಸೂರಿಗಳು ‘ಯಶಸ್ತಿಲಕ ಚಂಪೂ’ವನ್ನು ಮುಗಿಸಿದರು. ಗೃಹಸ್ಥನಿಗೆ ಎರಡು ಧರ್ಮಗಳುಂಟೆಂದು ಅವರು ಅಲ್ಲಿ ಹೇಳುತ್ತಾರೆ: ಒಂದು ಲೌಕಿಕ, ಇನ್ನೊಂದು ಪಾರಲೌಕಿಕ, ಮೊದಲನೆಯದಕ್ಕೆ ಲೋಕವೇ ಆಧಾರ, ಎರಡನೆಯದಕ್ಕೆ ಆಗಮ ಆಧಾರ. ಗಮನಿಸಬೇಕಾದದ್ದು, ಇವೆರಡೂ ಧರ್ಮಗಳೇ. ಲೌಕಿಕವು ಧರ್ಮದ ಎದುರು ನಿಂತ ವಸ್ತುವಲ್ಲ, ಧರ್ಮದ ಒಂದು ಬಗೆ. ಸಮ್ಯಕ್ತ್ವಕ್ಕೆ ಹಾನಿಯಿಲ್ಲದ, ವ್ರತಕ್ಕೆ ದೋಷ ತಾರದ ಲೌಕಿಕ ವಿಧಿಗಳೆಲ್ಲವೂ ಜೈನರಿಗೆ ಪ್ರಮಾಣವೆಂದು ಕೂಡ ಅವರು ಸಾರುತ್ತಾರೆ. ಅರಿಕೇಸರಿಗಾಗಿ ಭಾರತವನ್ನು ಬರೆದ ಶ್ರಾವಕನೊಬ್ಬ ಇದರಲ್ಲಿ ಯಾವ ಗೆರೆಯನ್ನು ದಾಟಿದ? ಎಲ್ಲಿ ಇಬ್ಭಾಗವಾದ?

ಕಾವ್ಯಗಳನ್ನೇ ತೆರೆದು ನೋಡಿದರೂ ಸಾಕು. ಈ ‘ಸೆಕ್ಯುಲರ್’ ಭಾರತದ ಆರಂಭದ ಪದ್ಯಗಳಲ್ಲಿ ನಾರಾಯಣ, ಮಹೇಶ್ವರ, ಮಾರ್ತಾಂಡರು ಅರಿಕೇಸರಿಯೊಡನೆ ಒಂದಾಗಿ ಬರುತ್ತಾರೆ. ‘ರಿಲಿಜಿಯಸ್’ ಆದಿಪುರಾಣದಲ್ಲಿ ಶ್ರೀಮತಿ–ವಜ್ರಜಂಘರ ಪ್ರಣಯವಿದೆ, ನೀಲಾಂಜನೆಯ ನೃತ್ಯವಿದೆ, ರಾಜ್ಯಕ್ಕಾಗಿ ಅಣ್ಣತಮ್ಮಂದಿರ ಹೋರಾಟವಿದೆ. ಪಂಪನ ಆಕರವಾದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಜನರಿಗೆ ಕಲಿಸಿದವನು ಪ್ರಥಮ ತೀರ್ಥಂಕರನೇ. ಲೌಕಿಕದ ಆದಿಗುರು ಆದಿದೇವ. ಇದನ್ನು ಯಾವ ಸೆಕ್ಯುಲರ್ ಪೆಟ್ಟಿಗೆಯೊಳಗೆ ಇಡುವಿರಿ?

ಪಾಶ್ಚಾತ್ಯ ವಿಮರ್ಶೆಯಲ್ಲಿ ಸೆಕ್ಯುಲರ್ ಕಾವ್ಯ, ಸೆಕ್ಯುಲರ್ ಸಂಗೀತ ಎಂಬ ವಿಭಾಗಗಳಿವೆಯಲ್ಲ ಎನ್ನುವವರುಂಟು. ಇವೆ. ಆದರೆ ಅಲ್ಲಿಯೂ ಅವು ಕಲಾವಿದನನ್ನು ಸೀಳುವ ಗರಗಸಗಳಲ್ಲ. ಬಾಕ್ ತನ್ನ ಸೆಕ್ಯುಲರ್ ಕೃತಿಗಳ ಸ್ವರಗಳನ್ನೇ ತೆಗೆದು 1734ರ ಕ್ರಿಸ್‌ಮಸ್ ಆರಟೋರಿಯೊದಲ್ಲಿ ಧಾರಾಳವಾಗಿ ಬಳಸಿಕೊಂಡ. ಅದಕ್ಕಾಗಿ ಅವನನ್ನು ಇಬ್ಭಾಗವಾದವನೆಂದು ಕರೆಯಬೇಕಾಗಿಲ್ಲ.

ನನ್ನ ಆಕ್ಷೇಪ ಇಂಗ್ಲಿಷ್ ಪದವನ್ನು ಬಳಸಿದ್ದಕ್ಕಲ್ಲ, ಅರೆಬರೆ ಕಲಿತು ಬಳಸಿದ್ದಕ್ಕೆ. ಊರೊಳಗಿನ ಪಾದ್ರಿಯ ಅರ್ಥದಲ್ಲಿ ‘ಸೆಕ್ಯುಲರ್’ ಎಂದಿದ್ದರೆ ಅದು ಸೋಮದೇವಸೂರಿಗಳ ‘ಲೌಕಿಕ’ಕ್ಕೆ ಎಷ್ಟೋ ಹತ್ತಿರ ಬರುತ್ತಿತ್ತು. ಒಂದು ಪದವನ್ನು ಕಲಿಯುವುದೆಂದರೆ ಅದು ಯಾವ ಯಾವ ಪದಗಳೊಡನೆ ಕೂಡಿ ಬರುತ್ತದೆ, ಯಾವುದಕ್ಕೆ ಎದುರಾಗಿ ನಿಲ್ಲುತ್ತದೆ ಎಂಬುದನ್ನು ಕಲಿಯುವುದು. ‘ಸೆಕ್ಯುಲರ್’ ಒಮ್ಮೆ ‘ರೆಗ್ಯುಲರ್’ಗೆ ಎದುರು, ಇನ್ನೊಮ್ಮೆ ‘ರಿಲಿಜಿಯಸ್’ಗೆ ಎದುರು. ನಿಘಂಟಿನ ಒಂದೇ ಸಾಲನ್ನು ಉರುಹೊಡೆದವನಿಗೆ ಈ ಎದುರುಗಳು ಕಾಣುವುದಿಲ್ಲ. ಅಂಥವನಿಗೆ ಪಂಪನೂ ಕಾಣುವುದಿಲ್ಲ.

ಪದವನ್ನು ಅಳಿಸಿಹಾಕಿರೆಂದು ನಾನು ಆ ಸಂಶೋಧಕರಿಗೆ ಸೂಚಿಸಲಿಲ್ಲ. ‘ಸೆಕ್ಯುಲರ್’ ಬಂದಲ್ಲೆಲ್ಲ ‘ಲೌಕಿಕ ಧರ್ಮ’ವೆಂದು ಇಟ್ಟು, ಪ್ರತಿ ವಾಕ್ಯವನ್ನೂ ಮತ್ತೊಮ್ಮೆ ಓದಿಕೊಳ್ಳಿರೆಂದು ಬರೆದೆ. ನಾನು ಹಾಗೆ ಓದಿ ನೋಡಿದ್ದೇನೆ. ಇಬ್ಭಾಗವಾದ ಮನಸ್ಸಿನ ಅಧ್ಯಾಯದಲ್ಲಿ ಒಂದು ವಾಕ್ಯವೂ ನಿಲ್ಲುವುದಿಲ್ಲ.