ಸಹಿಗೆ ಮುಂಚೆ ವಕೀಲರ ಹತ್ತಿರ ಹೋಗೋಣ

ಹೊಲ ಖರೀದಿ ಮಾಡುವಾಗ ನಮ್ಮ ಹಿರಿಯರು ಬಹಳ ಹುಷಾರು. ಪಹಣಿ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಬಾಂದು ಕಲ್ಲು ಎಲ್ಲಿದೆ ಎಂದು ಹೊಲದ ಸುತ್ತ ತಿರುಗಾಡಿ ಬರುತ್ತಾರೆ. ಅದೇ ಮನೆಯ ಹುಡುಗ ಫ್ರಾಂಚೈಸಿ ಅಂಗಡಿಗೆ ಲಕ್ಷಗಟ್ಟಲೆ ರೊಕ್ಕ ಕಟ್ಟುವಾಗ ಮಾತ್ರ ಇಂಗ್ಲಿಷಿನ ಕರಾರು ಪತ್ರಕ್ಕೆ ಓದದೆಯೇ ಸಹಿ ಹಾಕಿಬಿಡುತ್ತಾನೆ.

ಜಿಡಗಾದಂಥ ಊರುಗಳ ಹುಡುಗರು ಆಳಂದದಲ್ಲೋ ಕಲಬುರಗಿಯಲ್ಲೋ ಚಹಾ, ಐಸ್‌ಕ್ರೀಂ, ಕೊರಿಯರ್ ಅಂಗಡಿ ಹಾಕಬೇಕೆಂದರೆ ನಮಗೂ ಖುಷಿ. ಆದರೆ ಕಟ್ಟುವ ರೊಕ್ಕ ತೊಗರಿ ಮಾರಿದ್ದು, ಇಲ್ಲವೇ ಅವ್ವನ ಬಂಗಾರ ಅಡವಿಟ್ಟು ತಂದದ್ದು. ಅದು ಹೋದರೆ ಒಂದು ಅಂಗಡಿಯಷ್ಟೇ ಹೋಗುವುದಿಲ್ಲ, ತಂಗಿಯ ಓದೂ ನಿಲ್ಲುತ್ತದೆ.

ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವ ಕಂಪನಿ ತನ್ನ ಪೂರ್ತಿ ವಿವರವನ್ನು ಸಹಿಗೆ ಕನಿಷ್ಠ 14 ದಿನ ಮೊದಲೇ ಬರಹದಲ್ಲಿ ಕೊಡಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಧಾರ. ಅಂದರೆ ಕಾಗದದಲ್ಲಿ ಬರೆದದ್ದೇ ಗಟ್ಟಿ. "ಇಂಗ್ಲಿಷ್ ತಿಳಿಯಲಿಲ್ಲ, ಏಜೆಂಟರು ಬಾಯಲ್ಲಿ ಬೇರೆ ಹೇಳಿದ್ದರು" ಎಂದು ಆಮೇಲೆ ಅತ್ತರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಆ ಕಾಗದದಲ್ಲಿ ಏನಿರುತ್ತದೆ? ಮೊದಲನೆಯದು ರಾಯಲ್ಟಿ. ಇದನ್ನು ಸಾಮಾನ್ಯವಾಗಿ ಲಾಭದ ಮೇಲೆ ಲೆಕ್ಕ ಹಾಕುವುದಿಲ್ಲ, ಒಟ್ಟು ಮಾರಾಟದ ಮೇಲೆ ಹಾಕುತ್ತಾರೆ. ತಿಂಗಳಿಗೆ 2 ಲಕ್ಷ ವ್ಯಾಪಾರ, ನೂರಕ್ಕೆ 6 ರಾಯಲ್ಟಿ ಎಂದಿಟ್ಟುಕೊಳ್ಳಿ. ಅಂಗಡಿ ನಷ್ಟದಲ್ಲಿದ್ದರೂ 12,000 ರೂಪಾಯಿ ಕಟ್ಟಲೇಬೇಕು. ಎರಡನೆಯದು, ಕಟ್ಟಿದ ಫೀಸು ವಾಪಸ್ ಬರುತ್ತದೋ ಇಲ್ಲವೋ. ಮೂರನೆಯದು, ಮಾಲು ಅವರಿಂದಲೇ, ಅವರು ಹೇಳಿದ ದರಕ್ಕೇ ಕೊಳ್ಳಬೇಕೋ. ನಾಲ್ಕನೆಯದು, ಅದೇ ಓಣಿಯಲ್ಲಿ ಇನ್ನೊಬ್ಬರಿಗೂ ಅಂಗಡಿ ಕೊಡಬಹುದೋ. ಐದನೆಯದು, ತಂಟೆ ಬಂದರೆ ಯಾವ ಊರಿನಲ್ಲಿ ತೀರ್ಮಾನ. ದೆಹಲಿ ಎಂದು ಬರೆದಿದ್ದರೆ ಇಲ್ಲಿಂದ ಎಷ್ಟು ಸಲ ಹೋಗಿಬರಲು ಆದೀತು? ಭದ್ರತೆಗೆಂದು ಖಾಲಿ ಚೆಕ್ ಕೇಳಿದರೆ ಇನ್ನೂ ಎಚ್ಚರ ಬೇಕು. ಚೆಕ್ ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಕೆಲವೊಮ್ಮೆ ಕಂಪನಿಯೇ ಸುಳ್ಳಿರುತ್ತದೆ. ಅಮುಲ್ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ, ಫ್ರಾಂಚೈಸಿ ಕೊಡುತ್ತೇವೆಂದು ರೊಕ್ಕ ಕೇಳುತ್ತಿದ್ದವರ ವಿರುದ್ಧ 2020ರಲ್ಲಿ ಆ ಸಂಸ್ಥೆಯೇ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಹೀಗೆ ಮೋಸಹೋಗಿ ಆನ್‌ಲೈನ್‌ನಲ್ಲಿ ರೊಕ್ಕ ಹಾಕಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಒಂದು ಅಳುಕಿದೆ. ವಕೀಲರ ಮನೆ ಮೆಟ್ಟಿಲು ಹತ್ತಿದರೆ ಜಗಳ ಶುರುವಾಯಿತೆಂದೇ ಲೆಕ್ಕ. ನಮಗೆ ಅನಿಸುವುದು ಇದರ ಉಲ್ಟಾ. ಸಹಿಗೆ ಮುಂಚೆ ಒಂದು ಸಲ ವಕೀಲರ ಹತ್ತಿರ ಹೋದವರಿಗೆ ಆಮೇಲೆ ಹತ್ತು ಸಲ ಕೋರ್ಟಿಗೆ ಹೋಗುವ ಪಾಳಿ ಬರುವುದು ಕಡಿಮೆ. ವಕೀಲರು ಕಾಗದ ನೋಡಲಿ, ಸಿಎ ಲೆಕ್ಕ ನೋಡಲಿ. ಅದೇ ಕಂಪನಿಯ ಅಂಗಡಿ ಈಗಾಗಲೇ ನಡೆಸುತ್ತಿರುವ ಇಬ್ಬರು ಮೂವರನ್ನೂ ಕೇಳಿ. ಅದಕ್ಕೆ ಆಗುವ ಖರ್ಚು ಕಟ್ಟುವ ಡಿಪಾಸಿಟ್ಟಿನ ಮುಂದೆ ಏನೂ ಅಲ್ಲ.

ಫೀಸಿಗೆ ರೊಕ್ಕ ಇಲ್ಲವೆಂದು ಸುಮ್ಮನಾಗುವುದೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸಲಹೆ ಉಚಿತ. ಕೇಸು ಇರಲೇಬೇಕೆಂದಿಲ್ಲ. ಆಳಂದ ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು.

"ಇವತ್ತೇ ಸಹಿ ಮಾಡ್ರಿ, ನಾಳೆ ಬೇರೆಯವರಿಗೆ ಹೋಗ್ತದ" ಎಂದು ಏಜೆಂಟರು ಅವಸರ ಮಾಡಿದರೆ ಒಂದೇ ಮಾತು ಹೇಳಿ: "ಕಾಗದ ಕೊಡ್ರಿ, ವಕೀಲರಿಗೆ ತೋರಿಸಿಕೊಂಡು ಬರ್ತೀವಿ." ಕಾಗದ ಕೊಡಲು ಒಪ್ಪದವರಿಗೆ ರೊಕ್ಕ ಕೊಡುವುದು ಬೇಡ.