ನೀಲಿ ಪರದೆ ಮತ್ತು ನಮ್ಮ ಅವಸರ

ಹಳೆಯ ಗಣಕಯಂತ್ರವೊಂದು ಕೆಲಸದ ನಡುವೆ ಹಠಾತ್ತನೆ ನಿಂತು, ಪರದೆಯೆಲ್ಲ ನೀಲಿಯಾಗಿ, ಅದರ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಮೂಡಿದಾಗ ಎದುರಿಗೆ ಕುಳಿತವರಿಂದ ಸಾಮಾನ್ಯವಾಗಿ ಎರಡೇ ಮಾತು ಹೊರಡುತ್ತವೆ. 'ಇದಕ್ಕೆ ವಯಸ್ಸಾಯಿತು' ಎಂಬುದೊಂದು. 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬುದು ಇನ್ನೊಂದು. ರೋಗವೇನೆಂದು ತಿಳಿಯುವ ಮೊದಲೇ ರೋಗಿಯ ಕಥೆಯನ್ನು ಮುಗಿಸುವ ಮಾತುಗಳಿವು. ಹೊರನಾಡಿನ ಕನ್ನಡ ಸಂಘಗಳು ಇವುಗಳಿಗೆ ಕಿವಿಗೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಆಧಾರವಾಗಿ, 2023ರ ಬೇಸಿಗೆಯಲ್ಲಿ ಇತವಾರಿಯಲ್ಲಿ ನಡೆದ ಒಂದು ಪ್ರಸಂಗವನ್ನು ಓದುಗರ ಮುಂದಿಡುತ್ತಿದ್ದೇನೆ.

ನಾಗಪುರದಲ್ಲಿ ವಾರದ ದಿನಗಳ ಹೆಸರು ಹೊತ್ತ ಹಳೆಯ ಪೇಟೆಗಳಿವೆ: ಮಂಗಳವಾರಿ, ಬುಧವಾರಿ, ಶುಕ್ರವಾರಿ. ಇತವಾರಿಯೆಂದರೆ ಭಾನುವಾರದ ಪೇಟೆ. ಧಾನ್ಯ, ಕಿರಾಣಿ, ಬಟ್ಟೆ, ಚಿನ್ನಬೆಳ್ಳಿಗಳ ಸಗಟು ವ್ಯಾಪಾರ ನಡೆಯುವ ಇಕ್ಕಟ್ಟಾದ ಓಣಿಗಳವು. ಅಂಥ ಒಂದು ಓಣಿಯಲ್ಲಿ, ಮೆಣಸಿನಕಾಯಿ ಮತ್ತು ಅರಿಸಿನದ ಮೂಟೆಗಳ ಮಳಿಗೆಗಳ ನಡುವೆ, ಮರಾಠಿ ಮನೆತನವೊಂದರ ಚಿಕ್ಕ ಮುದ್ರಣಾಲಯವಿದೆ. ನಮ್ಮ ಸಂಘದ ಸಂಚಿಕೆಗಳು ಅನೇಕ ವರ್ಷ ಅಲ್ಲಿಯೇ ಅಚ್ಚಾದವು. ಕನ್ನಡದ ಒಂದಕ್ಷರವನ್ನೂ ಓದಲಾರದ ಆ ಮುದ್ರಕರು, 2006ರಲ್ಲಿ ನಾವು ಕೊಂಡ ವಿಂಡೋಸ್ ಎಕ್ಸ್‌ಪಿ ಗಣಕಕ್ಕೆ ತಮ್ಮ ಅಂಗಡಿಯ ಮೂಲೆಯೊಂದನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು.

ಆ ಏಪ್ರಿಲ್‌ನಲ್ಲಿ ಗಣಕಕ್ಕೆ ನೀಲಿ ಪರದೆಯ ಕಾಯಿಲೆ ಹತ್ತಿತು. ಬೆಳಿಗ್ಗೆ ಸರಿಯಾಗಿ ನಡೆಯುವುದು. ಇದ್ದಕ್ಕಿದ್ದಂತೆ ಒಂದು ಹೊತ್ತಿನಲ್ಲಿ ಬೀಳುವುದು. ಮತ್ತೆರಡು ದಿನ ಏನೂ ಆಗದಿರುವುದು. ಮೊದಲು ಬಂದ ರಿಪೇರಿಯವನು ರ್ಯಾಮ್ ಬದಲಿಸಿದ. ಮೂರು ದಿನ ನೆಮ್ಮದಿ. ಆದರೆ ಆ ಮೂರು ದಿನಗಳೂ ಅಕಾಲಿಕ ಮಳೆ ಬಿದ್ದು ಊರು ತಂಪಾಗಿತ್ತೆಂಬುದನ್ನು ನಾವಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯವನು ಚಿತ್ರಫಲಕದ ಡ್ರೈವರ್ ತಂತ್ರಾಂಶವನ್ನು ಬದಲಿಸಿದ. ಮೂರನೆಯವನು ಎಲ್ಲವನ್ನೂ ಅಳಿಸಿ ವಿಂಡೋಸ್ ಮರಳಿ ಹಾಕುವುದೊಂದೇ ದಾರಿಯೆಂದ. ಸಂಘದ ಕಾರ್ಯಕಾರಿ ಸಮಿತಿಯು ಗಣಕವನ್ನು ಗುಜರಿಗೆ ಹಾಕುವ ಠರಾವನ್ನೇ ಸಿದ್ಧಪಡಿಸಿತು.

ಆಗ ನಮ್ಮ ಹಿರಿಯ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆ ಸಭೆಯನ್ನು ಮೌನವಾಗಿಸಿತು: "ನಮ್ಮ ಯಜಮಾನರು ಹೇಳಿ ಬರೆಯಿಸಿದ್ದು ಅದರಲ್ಲೇ ಇದೆಯಲ್ಲ, ಅದು ಏನಾಗುತ್ತದೆ?" ತೀರಿಕೊಂಡ ಆ ಹಿರಿಯರು ವಿದರ್ಭಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಬಗೆಗಿನ ತಮ್ಮ ನೆನಪುಗಳನ್ನು ಮುನ್ನೂರು ಪುಟಗಳಷ್ಟು ಹೇಳಿ ಬರೆಯಿಸಿದ್ದರು. ಅದು ಅಚ್ಚಾಗಲೇ ಇಲ್ಲ. ಪ್ರತಿ ಮಾಡಿಟ್ಟಿದ್ದ ಸಿ.ಡಿ. ಓದಲಾಗದಷ್ಟು ಕೆಟ್ಟಿತ್ತು.

ಡಿಸ್ಕನ್ನು ಕಳಚಿ ಬೇರೆ ಗಣಕಕ್ಕೆ ಜೋಡಿಸಿದರೆ ಸಾಲದೇ ಎಂದು ತಿಳಿದವರು ಕೇಳಬಹುದು. ಮೊದಲು ಮಾಡಿದ ಕೆಲಸ ಅದೇ. ಎಲ್ಲರೂ ಮೊದಲು ಮಾಡಬೇಕಾದದ್ದೂ ಅದೇ. ಕಡತಗಳ ಪ್ರತಿ ನಮಗೆ ದೊರೆಯಿತು, ಪಠ್ಯ ಮಾತ್ರ ದೊರೆಯಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ತಂತ್ರಾಂಶಗಳು ಅಕ್ಷರವನ್ನು ಅಕ್ಷರವಾಗಿ ಉಳಿಸುತ್ತಿರಲಿಲ್ಲ. ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸುತ್ತಿದ್ದವು. ಆಯಾ ಫಾಂಟ್ ಇಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನಾವು ಬಳಸಿದ್ದ ತಂತ್ರಾಂಶವಾದರೋ, ಗಣಕದ ಹಿಂಬದಿಯ ಪ್ರಿಂಟರ್ ಕಿಂಡಿಗೆ ಸಿಕ್ಕಿಸುವ ಬೀಗದ ತುಂಡಿಲ್ಲದೆ ತೆರೆದುಕೊಳ್ಳುತ್ತಲೇ ಇರಲಿಲ್ಲ. ಆ ಕಿಂಡಿ ಇಂದಿನ ಗಣಕಗಳಲ್ಲಿಲ್ಲ. ಆದಕಾರಣ ಆ ಯಂತ್ರವನ್ನೇ, ಕೆಲವು ವಾರಗಳ ಮಟ್ಟಿಗಾದರೂ, ಬದುಕಿಸಬೇಕಿತ್ತು.

ನಾನು ಗಣಕತಜ್ಞನಲ್ಲ. ಮೂರು ದಶಕ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದವನು. ಆದ್ದರಿಂದ ನನಗೆ ತಿಳಿದ ಏಕೈಕ ವಿದ್ಯೆಯನ್ನೇ ಪ್ರಯೋಗಿಸಿದೆ: ಒಂದು ರಿಜಿಸ್ಟರ್ ತೆರೆದೆ. ದಿನಾಂಕ, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಮೇಲಿನ ಸಂಕೇತ, ಅದರಡಿ ಯಾವುದಾದರೂ ಕಡತದ ಹೆಸರಿದ್ದರೆ ಅದು, ಕೊನೆಗೆ ಷರಾ. ಇದಕ್ಕೆ ಒಂದು ಪೂರ್ವಸಿದ್ಧತೆ ಬೇಕಾಯಿತು. ಯಂತ್ರ ಬಿದ್ದೊಡನೆ ತಾನಾಗಿ ಮರುಚಾಲನೆಗೊಳ್ಳುವ ಏರ್ಪಾಟು ವಿಂಡೋಸ್‌ನಲ್ಲಿರುತ್ತದೆ. ಅದರಿಂದ ನೀಲಿ ಪರದೆ ಓದುವ ಮೊದಲೇ ಮಾಯವಾಗುತ್ತದೆ. ಸ್ಟಾರ್ಟಪ್ ಅಂಡ್ ರಿಕವರಿ ಎಂಬಲ್ಲಿ ಆ ಗುರುತನ್ನು ತೆಗೆದುಹಾಕಿದರೆ ಪರದೆ ನಮಗಾಗಿ ಕಾಯುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ನೀಲಿ ಪರದೆಯೇ ರೋಗವಲ್ಲ. ತನ್ನ ಅಂತರಂಗದಲ್ಲಿ ಸರಿಪಡಿಸಲಾಗದ ಅವ್ಯವಸ್ಥೆ ಕಂಡಾಗ, ಮುಂದುವರಿದರೆ ಬರೆದದ್ದೆಲ್ಲ ಕೆಟ್ಟೀತೆಂದು ಕಾರ್ಯವ್ಯವಸ್ಥೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಕ್ರಮವದು. ನಿಲ್ಲುವ ಮುನ್ನ ಬಿಟ್ಟುಹೋಗುವ ಹೇಳಿಕೆ ಆ ಸಂಕೇತ. ಕೊನೆಯ ಅಂಕಿಗಳು 24 ಅಥವಾ 7ಎ ಆಗಿದ್ದರೆ ಡಿಸ್ಕಿನತ್ತ, 1ಎ ಅಥವಾ 50 ಆಗಿದ್ದರೆ ಸ್ಮೃತಿಯತ್ತ ಮೊದಲ ಸಂದೇಹ ಹೋಗಬೇಕು. ಪ್ರತಿಸಲವೂ ಒಂದೇ ಡ್ರೈವರ್ ಕಡತದ ಹೆಸರು ಕಾಣಿಸಿದರೆ ಬಹುತೇಕ ಆ ತಂತ್ರಾಂಶವೇ ಅಪರಾಧಿ. ಸಂಕೇತಗಳು ದಿನಕ್ಕೊಂದಾಗಿ ಬದಲಾಗುತ್ತಿದ್ದರೆ ದೋಷ ಯಂತ್ರಾಂಶದಲ್ಲಿ, ಅಂದರೆ ಸ್ಮೃತಿ, ವಿದ್ಯುತ್ ಪೂರೈಕೆ ಅಥವಾ ಶಾಖದಲ್ಲಿ ಇರುವ ಸಂಭವ ಹೆಚ್ಚು.

ಹದಿನೇಳು ದಿನಗಳಲ್ಲಿ ಒಂಬತ್ತು ನಮೂದುಗಳಾದವು. ಸಂಕೇತಗಳು ಬೇರೆಬೇರೆ, ಆದರೆ ಒಂಬತ್ತರಲ್ಲಿ ಎಂಟು ಮಧ್ಯಾಹ್ನ ಒಂದರಿಂದ ನಾಲ್ಕರ ನಡುವಿನವು. ಒಂಬತ್ತನೆಯದು ಸಂಜೆಯದು, ಅಂದು ಅಂಗಡಿಯ ಕೂಲರ್ ಕೆಟ್ಟಿತ್ತೆಂದು ಷರಾ ಹೇಳುತ್ತಿತ್ತು. ಎಲ್ಲರೂ 'ಯಾವಾಗೆಂದರೆ ಆವಾಗ ಬೀಳುತ್ತದೆ' ಎನ್ನುತ್ತಿದ್ದ ಯಂತ್ರ, ನಾಗಪುರದ ಬಿಸಿಲಿಗೆ ಹೊಂದಿಕೊಂಡು ಬೀಳುತ್ತಿತ್ತು! ಯದ್ವಾತದ್ವಾ ಎಂದು ನಾವು ಕರೆಯುವುದು ಎಷ್ಟೋ ಸಲ ನಾವು ಬರೆದಿಡದೆ ಬಿಟ್ಟದ್ದರ ಹೆಸರು ಮಾತ್ರ.

ಆಮೇಲಿನ ಹಾದಿ ನೇರವಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಹಾಕಿಕೊಂಡೆವು. ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶವನ್ನು ರಾತ್ರಿಯಿಡೀ ನಡೆಸಿದಾಗ ಒಂದು ತಪ್ಪೂ ಕಾಣಲಿಲ್ಲ. ರಿಜಿಸ್ಟರ್ ಇಲ್ಲದಿದ್ದರೆ ಸ್ಮೃತಿ ಸರಿಯಿದೆಯೆಂದು ಅಲ್ಲಿಗೇ ಬಿಡುತ್ತಿದ್ದೆವು. ಅದನ್ನೇ ಮಧ್ಯಾಹ್ನ ಎರಡು ಗಂಟೆಗೆ ನಡೆಸಿದಾಗ ಅರ್ಧ ಗಂಟೆಯೊಳಗೆ ತಪ್ಪುಗಳು ಸಾಲುಗಟ್ಟಿದವು. ಎರಡು ರ್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಇಟ್ಟು ನೋಡಿದರೂ ತಪ್ಪು ತಪ್ಪಲಿಲ್ಲ. ಎಂದ ಮೇಲೆ ದೋಷ ಪಟ್ಟಿಯಲ್ಲಿಲ್ಲ, ಅದನ್ನು ಹೊತ್ತ ಮದರ್‌ಬೋರ್ಡಿನಲ್ಲಿ. ಮುಚ್ಚಳ ತೆಗೆದಾಗ ಫ್ಯಾನಿನ ರೆಕ್ಕೆಗಳ ಮೇಲೂ ಅದರ ಕೆಳಗಿನ ಲೋಹದ ಪದರಗಳ ನಡುವೆಯೂ ಇತವಾರಿಯ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದನ್ನು ತೆಗೆದ ಬಳಿಕ ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ರ್ಯಾಮ್ ಗೂಡಿನ ಬಳಿ ಮೂರು ಕೆಪಾಸಿಟರುಗಳ ನೆತ್ತಿ ಉಬ್ಬಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಮದರ್‌ಬೋರ್ಡುಗಳನ್ನು ಕಾಡಿದ ದೋಷವದು. ಬಿಸಿಯಾದಷ್ಟೂ ಅವು ವಿದ್ಯುತ್ತನ್ನು ಸ್ಥಿರವಾಗಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಪಕ್ಕದ ಓಣಿಯ ಹಳೆಯ ಟಿ.ವಿ. ಮೆಕ್ಯಾನಿಕ್ ಒಬ್ಬರು ಅವನ್ನು ಕಿತ್ತು ಹೊಸವನ್ನು ಬೆಸೆದರು. ಅಂದಿನಿಂದ ನೀಲಿ ಪರದೆ ಕಾಣಲಿಲ್ಲ.

ಹಳೆಯ ಯಂತ್ರಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅಂಥ ಗಣಕವನ್ನು ಅಂತರಜಾಲಕ್ಕೆ ಜೋಡಿಸುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಆದರೆ ನೌಕರನು ನಿವೃತ್ತನಾಗುವಾಗಲೂ ಪ್ರಭಾರವನ್ನು ವಹಿಸಿಕೊಟ್ಟೇ ಹೋಗುತ್ತಾನೆ. ಯಂತ್ರಕ್ಕೂ ಆ ಅವಕಾಶ ಸಲ್ಲಬೇಕು. ದುರಸ್ತಿಯಾದ ನಮ್ಮ ಗಣಕದಲ್ಲಿ ಪುಟಗಳನ್ನು ತೆರೆದು, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತುಗಳೂ ಒತ್ತಕ್ಷರಗಳೂ ತಪ್ಪಿದಲ್ಲೆಲ್ಲ ಕೈಯಿಂದ ತಿದ್ದಿ, ಎರಡು ಬೇರೆ ಮನೆಗಳಲ್ಲಿ ಪ್ರತಿಗಳನ್ನಿಟ್ಟ ಮೇಲೆಯೇ ಅದನ್ನು ಬೀಳ್ಕೊಟ್ಟೆವು. ಹಿರಿಯರ ಮುನ್ನೂರು ಪುಟಗಳೂ ಉಳಿದವು.

ಇದು ಬಡ ಸಂಘವೊಂದರ ಹಳೆಯ ಯಂತ್ರದ ಪಾಡೆಂದು ತಳ್ಳಿಹಾಕುವಂತಿಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ಅವರ ಎದುರಿಗೇ ವಿಂಡೋಸ್ 98 ನೀಲಿಯಾಗಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಪರಿಷ್ಕರಣವೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಗಳು ಒಮ್ಮೆಗೇ ಬಿದ್ದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಬರಹದಲ್ಲಿ ಕೊಡಬೇಕಾಯಿತು. ಅಲ್ಲಿಯೂ ಪರಿಹಾರವಾದದ್ದು ಎಲ್ಲವನ್ನೂ ಅಳಿಸುವುದರಿಂದಲ್ಲ. ಕಾರಣವಾದ ಒಂದು ಕಡತವನ್ನು ಗುರುತಿಸಿ, ಅನೇಕ ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು, ಅದನ್ನು ತೆಗೆದುಹಾಕುವುದರಿಂದ.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿತು. ಸ್ವಾಗತಾರ್ಹ. ಆದರೆ ದುರಸ್ತಿಯ ಹಕ್ಕು ಬೇಕೆನ್ನುವವರಿಗೆ ದುರಸ್ತಿಯ ತಾಳ್ಮೆಯೂ ಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿದೆ. ಮುಂದಿನ ಆವೃತ್ತಿಗೆ ಅರ್ಹವಲ್ಲದ ಎಷ್ಟೋ ಗಣಕಗಳು ಈಗ ಗುಜರಿಯ ಹಾದಿ ಹಿಡಿಯುತ್ತಿವೆ. ಅವುಗಳಲ್ಲಿ ಎಷ್ಟರ ಹೊಟ್ಟೆಯಲ್ಲಿ ಹೊರನಾಡ ಕನ್ನಡಿಗರ ಬರಹಗಳಿವೆಯೋ ಯಾರು ಬಲ್ಲರು?

ತವರಿನಿಂದ ದೂರವಿರುವ ನಮ್ಮ ಬರಹಗಳಿಗೆ ಬೇರೆ ಗ್ರಂಥಾಲಯವಿಲ್ಲ, ಬೇರೆ ಪ್ರತಿಯಿಲ್ಲ. ಆದ್ದರಿಂದ ಪ್ರತಿಯೊಂದು ಸಂಘವೂ ತನ್ನ ಹಳೆಯ ಗಣಕದ ಪಕ್ಕದಲ್ಲಿ ಒಂದು ರಿಜಿಸ್ಟರನ್ನು ಇಡಲಿ. ಅಳಿಸುವ ಮಾತಿಗೆ ಒಪ್ಪುವ ಮುನ್ನ ಪ್ರತಿ ತೆಗೆಯಲಿ. ತೆಗೆದ ಪ್ರತಿ ಇನ್ನೊಂದು ಗಣಕದಲ್ಲಿ ಕನ್ನಡವಾಗಿ ತೆರೆದುಕೊಳ್ಳುತ್ತದೆಯೇ ಎಂದು ಯಾರಾದರೊಬ್ಬರು ಕುಳಿತು ಓದಿ ನೋಡಲಿ. ಗುಜರಿಯ ಠರಾವು ಅದಾದ ಮೇಲೆ ಬರಲಿ.