ಟ್ಯಾಲಿ ಆದರೆ ಸಾಕೇ?

ಕಳೆದ ವಾರ ನಮ್ಮ ಮನೆಯ ಕ್ಯಾಲೆಂಡರ್ ಮೇಲೆ ಯಾರೋ 7-5-6 ಎಂದು ಬರೆದಿದ್ದರು. ಹಾಲಿನ ಲೆಕ್ಕವಲ್ಲ, ಗ್ಯಾಸ್ ಬುಕಿಂಗ್ ನಂಬರೂ ಅಲ್ಲ. ನಿವೃತ್ತನಾಗಿ ಎಷ್ಟು ವರ್ಷವಾದರೇನು, ಅಂಕಿ ಕಂಡರೆ ಬ್ಯಾಂಕ್ ಗುಮಾಸ್ತನ ಕಣ್ಣು ಅಲ್ಲೇ ನಿಲ್ಲುತ್ತದೆ.

“ತಾತ, ಅದು ನಮ್ಮ ಜಗ್ಲಿಂಗ್ ಲೆಕ್ಕ” ಎಂದಳು ರಜೆಗೆ ಬಂದಿದ್ದ ಮೊಮ್ಮಗಳು. ಅವಳೂ ಅವಳ ಗೆಳತಿಯೂ ತಾರಸಿಯ ಮೇಲೆ ಎದುರುಬದುರು ನಿಂತು, ಉದ್ದ ಕತ್ತಿನ ಬಾಟಲಿಯಂಥ ಆರು ಕ್ಲಬ್‌ಗಳನ್ನು ಎಸೆದು ಹಿಡಿಯುತ್ತಾರೆ. ಯಾವುದನ್ನು ಯಾವಾಗ ಎಸೆಯಬೇಕೆಂಬುದಕ್ಕೆ ಈ ಬರಹ. ಹೆಸರು ‘ಸೈಟ್‌ಸ್ವಾಪ್’. 1980ರ ದಶಕದಲ್ಲಿ ಅಮೆರಿಕದ ಸಾಂತಾ ಕ್ರೂಜ್‌ನಲ್ಲಿ ಪಾಲ್ ಕ್ಲೈಮೆಕ್, ಕ್ಯಾಲ್‌ಟೆಕ್‌ನಲ್ಲಿ ಬ್ರೂಸ್ ಟೀಮನ್ ಮತ್ತು ಬೆಂಗ್ಟ್ ಮ್ಯಾಗ್ನುಸನ್, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇನ್ನು ಕೆಲವರು, ಒಬ್ಬರದು ಇನ್ನೊಬ್ಬರಿಗೆ ತಿಳಿಯದೆಯೇ ಇದನ್ನು ಕಂಡುಕೊಂಡರು.

ಮಕ್ಕಳೇ, ಲೆಕ್ಕ ಸುಲಭ. ಇಬ್ಬರಿಗೂ ಸೇರಿ ನಾಲ್ಕು ಕೈ. ಒಬ್ಬಳ ಬಲಗೈ, ಇನ್ನೊಬ್ಬಳ ಬಲಗೈ, ಮೊದಲನೆಯವಳ ಎಡಗೈ, ಎರಡನೆಯವಳ ಎಡಗೈ, ಹೀಗೆ ಸರದಿ. ಈಗ ಎಸೆದ ಕ್ಲಬ್ಬನ್ನು ಎಷ್ಟನೆಯ ಸರದಿಗೆ ಮತ್ತೆ ಎಸೆಯಬೇಕು ಎಂಬುದೇ ಅಂಕಿ. ಬೆಸ ಸಂಖ್ಯೆಯಾದರೆ ಕ್ಲಬ್ ಎದುರಿನವಳಿಗೆ ಹೋಗುತ್ತದೆ, ಸಮಸಂಖ್ಯೆಯಾದರೆ ತನ್ನಲ್ಲೇ ಉಳಿಯುತ್ತದೆ. ಅಂಕಿಗಳ ಸರಾಸರಿಯೇ ಕ್ಲಬ್‌ಗಳ ಸಂಖ್ಯೆ: 7+5+6=18, ಮೂರರಿಂದ ಭಾಗಿಸಿದರೆ 6.

“ಓಹೋ, ಟ್ಯಾಲಿ!” ಎಂದೆ. ಜಾಣತನ ತೋರಿಸಲು, ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ 7-6-5 ಎಂದು ಬರೆದುಕೊಟ್ಟೆ. ಮೊತ್ತ ಅದೇ 18.

ಮೊಮ್ಮಗಳು ನಕ್ಕಳು. “ಕೂಡಿಸಿ ನೋಡಿ ತಾತ. ಒಂದನೇ ಸರದಿಗೆ 7 ಸೇರಿಸಿದ್ರೆ 8. ಎರಡಕ್ಕೆ 6 ಸೇರಿಸಿದ್ರೂ 8. ಮೂರಕ್ಕೆ 5 ಸೇರಿಸಿದ್ರೂ 8. ಮೂರೂ ಕ್ಲಬ್ ಒಟ್ಟಿಗೆ ಅವಳ ಎಡಗೈಗೇ ಬೀಳುತ್ತೆ!” ಅವಳು ಬರೆದದ್ದರಲ್ಲಾದರೆ 8, 7, 9. ಒಂದೊಂದೂ ಖಾಲಿ ಕೈಗೇ ಬರುತ್ತದೆ.

ನನಗೆ ನಗು ಬರಲಿಲ್ಲ. ಬಹಳ ಹಿಂದಿನ ಒಂದು ಬೆಳಿಗ್ಗೆ ನೆನಪಾಯಿತು. ಕೌಂಟರಿಗೆ ಬಂದ ಅಜ್ಜಿಗೆ “ನಿಮ್ಮ ಖಾತೆಯಲ್ಲಿ ಹಣ ಇಲ್ಲಮ್ಮ” ಎಂದಿದ್ದೆ. “ಪಿಂಚಣಿ ಬಂದಿರಬೇಕಲ್ಲಪ್ಪ, ಮೊಮ್ಮಗನ ಫೀಸು ಕಟ್ಟೋಕೆ ಇವತ್ತೇ ಕೊನೆ ದಿನ” ಎಂದರು. ಇಲ್ಲವೆಂದರೆ ಇಲ್ಲ ಎಂದು ಕಳಿಸಿಬಿಟ್ಟೆ. ಹಿಂದಿನ ಸಂಜೆ ಲೆಕ್ಕ ಪೈಸೆಗೆ ಪೈಸೆ ಟ್ಯಾಲಿ ಆಗಿತ್ತಲ್ಲ, ಆ ಧೈರ್ಯ. ಮಧ್ಯಾಹ್ನ ಲೆಡ್ಜರ್ ತಿರುವಿದಾಗ ಕಂಡಿತು: ಅವರ ಹಣವನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹಾಕಿದ್ದವನು ನಾನೇ. ಮೊತ್ತ ಸರಿ, ಸೇರಿದ ಜಾಗ ತಪ್ಪು. ಬಿ.ಕಾಂ.ನಲ್ಲಿ ಓದಿದ್ದೆ, ಇಂಥ ತಪ್ಪು ಟ್ರಯಲ್ ಬ್ಯಾಲೆನ್ಸಿನಲ್ಲಿ ಸಿಕ್ಕಿಬೀಳುವುದಿಲ್ಲ ಎಂದು. ಓದಿದ್ದು ಪರೀಕ್ಷೆಗೆ ಮಾತ್ರ ನೆನಪಿತ್ತು.

ಸಂಜೆ ಹಣ ಹಿಡಿದು ಅವರ ಮನೆ ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಅವರು ಪಕ್ಕದ ಮನೆಯಲ್ಲಿ ಸಾಲ ಕೇಳಿ ಫೀಸು ಕಟ್ಟಿದ್ದರು. ನನ್ನನ್ನು ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಕೈ ತಪ್ಪುವುದು ನನ್ನದು, ಬಂದು ಬೀಳುವುದು ಇನ್ನೊಬ್ಬರ ಮೇಲೆ. ಒಬ್ಬರಿಗೊಬ್ಬರು ಎಸೆಯುವ ಆಟದಲ್ಲಿ ಮೊತ್ತ ನೋಡಿದರೆ ಸಾಲದು. ಎದುರಿನವರ ಕೈ ಆ ಹೊತ್ತಿಗೆ ಖಾಲಿ ಇದೆಯೇ ಎಂದೂ ನೋಡಬೇಕು.

ಮಕ್ಕಳೇ, ನಿಮಗೊಂದು ಲೆಕ್ಕ. 9-6-6 ಮತ್ತು 8-7-6, ಎರಡರ ಮೊತ್ತವೂ 21, ಎರಡಕ್ಕೂ ಏಳು ಕ್ಲಬ್. ಯಾವುದರಲ್ಲಿ ಕ್ಲಬ್‌ಗಳು ಡಿಕ್ಕಿ ಹೊಡೆಯುತ್ತವೆ? ಅಜ್ಜ ಅಜ್ಜಿಯ ಪಕ್ಕ ಕೂತು ಕೂಡಿಸಿ ನೋಡಿ. ಅವರು ಮೊತ್ತ ನೋಡಿಯೇ ಸರಿ ಎಂದರೆ, ಇನ್ನೊಮ್ಮೆ ನೋಡಲು ಹೇಳಿ.